ಬೇರಿಂಗ್ ಸೀಟು, ಬಿಸಿ ಜಾಬ್ ಮತ್ತು ಗುಜರಿಯಿಂದ ಕಟ್ಟಿದ ಕಂಪ್ಯಾರೇಟರ್

ತೊಗರಿ ಮಿಲ್ಲಿನಿಂದ ರೋಲರ್ ಶಾಫ್ಟ್ ವಾಪಸ್ ಬಂದರೆ ನಾನು ಮೊದಲು ನೋಡುವುದು ಬೇರಿಂಗ್ ಕೂರುವ ಜಾಗವನ್ನು, ಅಂದರೆ ಸೀಟನ್ನು. ಈ ಸಲ ಬಂದವುಗಳಲ್ಲಿ ಆ ಜಾಗದ ತುಂಬ ಇಟ್ಟಂಗಿ ಬಣ್ಣದ ಒಣ ಪುಡಿ. ಉಗುರಿನಿಂದ ಕೆರೆದರೆ ಉದುರುತ್ತದೆ, ಅದರಡಿ ಹೊಳಪು ಸತ್ತು ಅಲ್ಲಲ್ಲಿ ಕಪ್ಪಿಟ್ಟ ಉಕ್ಕು. ಬೇರಿಂಗಿನ ಒಳರಿಂಗು ಶಾಫ್ಟನ್ನು ಬಿಗಿಯಾಗಿ ಹಿಡಿದು ಅದರ ಜೊತೆಗೇ ತಿರುಗಬೇಕು. ಇಲ್ಲಿ ಶಾಫ್ಟಿನ ಮೇಲೆ ಜಾರಿಕೊಂಡು ತಿರುಗಿದೆ. ಒಂದು ಶಾಫ್ಟಿಗಂತೂ ಮಿಲ್ಲಿನ ಫಿಟ್ಟರ್ ಸೀಟಿನ ಸುತ್ತಲೂ ಸೆಂಟರ್ ಪಂಚ್ ಹೊಡೆದು, ಎದ್ದ ಉಬ್ಬುಗಳ ಮೇಲೆ ಹೊಸ ಬೇರಿಂಗ್ ಬಡಿದು ಕೂರಿಸಿದ್ದ. ಸೀಸನ್ ನಡುವೆ ಮಿಲ್ಲು ನಿಲ್ಲಬಾರದೆಂದು ಮಾಡುವ ಕೆಲಸ ಅದು. ಫಿಟ್ಟರನನ್ನು ಬೈದು ಫಲವಿಲ್ಲ. ಸೀಟು ಸಡಿಲಾದದ್ದು ನಮ್ಮ ಶೆಡ್ಡಿನಲ್ಲಿ.

ನಮ್ಮದು ಕಪನೂರ ಕೈಗಾರಿಕಾ ಪ್ರದೇಶದ ಸಣ್ಣ ಜಾಬ್ ಶಾಪ್. ಒಂದು ಸಿಎನ್‌ಸಿ ಲೇಥ್, ಒಂದು ವಿಎಂಸಿ ಮಿಲ್ಲಿಂಗ್ ಮಷಿನ್ (ಎರಡೂ ಕಂಪ್ಯೂಟರ್ ಪ್ರೋಗ್ರಾಮಿನಿಂದ ನಡೆಯುವವು), ಉಳಿದದ್ದು ಹಳೇ ಸಾಮಾನು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಆದರೆ ಮಿಲ್ಲುಗಳ ಶಾಫ್ಟು, ಪುಲ್ಲಿ, ಹೌಸಿಂಗುಗಳ ಕೆಲಸ ಅದಕ್ಕೂ ಎಷ್ಟೋ ಮುಂಚಿನಿಂದ ಈ ಊರಿನ ವರ್ಕ್‌ಶಾಪುಗಳ ಹೊಟ್ಟೆ ಹೊರೆದಿದೆ. ಈ ಶಾಫ್ಟು ಇಎನ್8 ಉಕ್ಕು, ಎರಡೂ ತುದಿಗೆ 6210 ಬೇರಿಂಗ್, ಸೀಟು 50 ಮಿ.ಮೀ. ಡ್ರಾಯಿಂಗಿನಲ್ಲಿ ಕೆ6 ಎಂಬ ಫಿಟ್ ಗುರುತು. ಅಂದರೆ ಸೀಟು 50.002ರಿಂದ 50.018ರ ನಡುವೆ ಇರಬೇಕು, ಒಟ್ಟು 16 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಜಾಗ, ಇದೇ ಟಾಲರೆನ್ಸ್. ಸಾಧಾರಣ ದರ್ಜೆಯ ಬೇರಿಂಗಿನ ತೂತು 50.000ದಿಂದ 12 ಮೈಕ್ರಾನ್ ಕೆಳಗಿನವರೆಗೂ ಇರಬಹುದು. ಹಾಗಾಗಿ ಸೀಟು ಡ್ರಾಯಿಂಗಿನ ಒಳಗಿದ್ದರೆ ಅತಿ ಕಡಿಮೆ ಅಂದರೂ 2 ಮೈಕ್ರಾನ್ ಬಿಗಿ ಸಿಕ್ಕೇ ಸಿಗುತ್ತದೆ. ಸಡಿಲಾಗಲು ಕಾರಣವೇ ಇಲ್ಲ. ದೊಡ್ಡ ಕಾರ್ಖಾನೆಯಾದರೆ ಇಂಥ ಸೀಟನ್ನು ಗ್ರೈಂಡ್ ಮಾಡುತ್ತಾರೆ. ನಮ್ಮ ದರಕ್ಕೆ ಗ್ರೈಂಡಿಂಗ್ ಕೂಡುವುದಿಲ್ಲ, ಟರ್ನಿಂಗಿನಲ್ಲೇ ಸೈಜು ಬರಬೇಕು.

ಇನ್‌ಸ್ಪೆಕ್ಷನ್ ಪುಸ್ತಕ ತೆಗೆದು ನೋಡಿದರೆ ವಾಪಸ್ ಬಂದ ಎಲ್ಲ ಶಾಫ್ಟುಗಳೂ 'ಓಕೆ'. 50.008, 50.011, 50.009, ಹೀಗೆ. ಈಗ ಅಳೆದರೆ, ಸವೆಯದೆ ಉಳಿದ ಅಂಚಿನಲ್ಲೂ 50ಕ್ಕಿಂತ ಕಡಿಮೆ. ಪುಣ್ಯಕ್ಕೆ ಪ್ರತಿ ಶಾಫ್ಟಿನ ತುದಿಗೆ ತಿಂಗಳು ಮತ್ತು ಲಾಟ್ ನಂಬರ್ ಪಂಚ್ ಮಾಡುವ ರೂಢಿ ನಮ್ಮಲ್ಲಿದೆ. ನಂಬರ್ ಹಿಡಿದು ಹಿಂದಕ್ಕೆ ಹೋದರೆ ಎಲ್ಲವೂ ಏಪ್ರಿಲ್, ಮೇ ತಿಂಗಳ ಲಾಟುಗಳೇ. ಡಿಸೆಂಬರಿನ ಮಾಲು ಒಂದೂ ಬಂದಿಲ್ಲ.

"ಬಿಸಿಲಿಗಿ ಲೋಹ ಉಬ್ಬತದ, ಮತ್ತೇನದ ಅದರಾಗ? ನಮ್ಮೂರ ಬಿಸಿಲಿನಾಗ ಮೈಕ್ರಾನ್ ಕೆಲಸ ಆಗಂಗಿಲ್ಲರಿ" ಅಂದರು ನಮ್ಮ ಹಿರಿಯ ಆಪರೇಟರ್ ಕಾಕಾ. ಮಾಲಕರು ಅದೇ ಮಾತು ಹಿಡಿದು ಇಡೀ ಶೆಡ್ಡಿಗೆ ಎಸಿ ಹಾಕಿಸಿದರೆ ಎಷ್ಟಾಗುತ್ತದೆಂದು ಕೊಟೇಶನ್ ತರಿಸಿದರು. ತಗಡಿನ ಶೆಡ್ಡು, ಮೇ ತಿಂಗಳಲ್ಲಿ ಹೊರಗೆ 42-43 ಡಿಗ್ರಿ. ಕೊಟೇಶನ್ ನೋಡಿ ಅವರೇ ಅದನ್ನು ಮಡಿಚಿ ಡ್ರಾಯರಿಗೆ ಹಾಕಿದರು.

ಬಿಸಿಲು ಎಂಬ ವಿವರಣೆ ನನಗೆ ಒಪ್ಪಿಗೆಯಾಗಲಿಲ್ಲ. ಉದ್ದಳತೆಗೆ 20 ಡಿಗ್ರಿ ಸೆಲ್ಸಿಯಸ್ ಎಂಬ ಆಧಾರ ತಾಪ 1931ರಲ್ಲಿ ಅಂತರರಾಷ್ಟ್ರೀಯವಾಗಿ ನಿಗದಿಯಾದದ್ದು ನಿಜ. ಕಲಬುರಗಿಯ ಶೆಡ್ಡು ಮೇನಲ್ಲಿ ಅದರ ದುಪ್ಪಟ್ಟಿನಲ್ಲಿರುವುದೂ ನಿಜ. ಉಕ್ಕು ಮೀಟರಿಗೆ, ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಉಬ್ಬುತ್ತದೆ. 50 ಮಿ.ಮೀ. ಶಾಫ್ಟು 20 ಡಿಗ್ರಿ ಏರಿದರೆ 11.5 ಮೈಕ್ರಾನ್ ದಪ್ಪ. ಆದರೆ ಮೈಕ್ರೋಮೀಟರೂ ಉಕ್ಕು, ಅದರ ಜೀರೋ ಸರಿನೋಡುವ ಸೆಟ್ಟಿಂಗ್ ರಾಡೂ ಉಕ್ಕು, ಬೇರಿಂಗೂ ಉಕ್ಕು. ಎಲ್ಲವೂ 40 ಡಿಗ್ರಿಯಲ್ಲಿದ್ದರೆ ಎಲ್ಲವೂ ಹೆಚ್ಚುಕಡಿಮೆ ಸಮನಾಗಿ ಉಬ್ಬಿರುತ್ತವೆ, ಅಳತೆ ಸರಿಯೇ ಬರುತ್ತದೆ. ಗಿರಾಕಿಯ ಮಿಲ್ಲಿನಲ್ಲೂ ಶಾಫ್ಟು, ಬೇರಿಂಗು ಜೊತೆಯಾಗಿಯೇ ಉಬ್ಬುತ್ತವೆ. ಬಿಸಿಲೊಂದೇ ಈ ಸೀಟನ್ನು ಕೆಡಿಸಲಾರದು.

ಹಾಗಾದರೆ ಏಪ್ರಿಲ್, ಮೇನಲ್ಲಿ ಮಾತ್ರ ಆಗುವ ಇನ್ನೊಂದು ಸಂಗತಿ ಏನು? ಪ್ರೋಗ್ರಾಮಿಂಗ್ ಕೋಣೆಯ ಎಸಿ.

ಕಂಪ್ಯೂಟರ್ ಇರುವ ಆ ಸಣ್ಣ ಕೋಣೆಗೆ ಮಾತ್ರ ಎಸಿ ಇದೆ, ಬೇಸಿಗೆಯಲ್ಲಿ 24ಕ್ಕೆ ಓಡುತ್ತದೆ. ಮೈಕ್ರೋಮೀಟರು, ಸೆಟ್ಟಿಂಗ್ ರಾಡು ಅಲ್ಲಿನ ಕಪಾಟಿನಲ್ಲಿ. ಉಪಕರಣ ತಂಪಿನಲ್ಲಿಡಬೇಕು ಎಂಬುದು ಯಾರೋ ಎಂದೋ ಹೇಳಿದ ಒಳ್ಳೆಯ ಮಾತೇ. ಅಲ್ಲೇ ಜೀರೋ ನೋಡುತ್ತಾರೆ. ರಾಡೂ 24, ಮೈಕ್ರೋಮೀಟರೂ 24, ಜೀರೋ ಪಕ್ಕಾ. ಆಮೇಲೆ ಅದನ್ನು ತಂದು, ಆಗತಾನೇ ಟೂಲ್ ಬಿಟ್ಟ ಜಾಬಿನ (ಲೇಥಿನಲ್ಲಿ ತಯಾರಾಗುವ ತುಂಡಿನ) ಮೇಲೆ ಇಡುತ್ತಾರೆ. ಜಾಬಿನ ತಾಪ ನೋಡೋಣವೆಂದು ಮುಟ್ಟದೆ ತಾಪ ಹೇಳುವ ಐಆರ್ ಗನ್ ಹಿಡಿದರೆ 33 ತೋರಿಸಿತು. ಶೆಡ್ಡಿನ ಗಾಳಿಯೇ 40 ಇರುವಾಗ ಇದು ಸುಳ್ಳು. ಹೊಳೆಯುವ ಲೋಹ ತನ್ನ ಶಾಖವನ್ನು ಸರಿಯಾಗಿ ಹೊರಸೂಸುವುದಿಲ್ಲ, ಗನ್ನು ಮೋಸ ಹೋಗುತ್ತದೆ. ಒಂದು ಚೂರು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದು ಜಾಬಿನ ಬಿಸಿಗೆ ಬರುವವರೆಗೆ ಕಾದು ಅದರ ಮೇಲೆ ಹಿಡಿದಾಗ 48 ಬಂತು. ಟೇಪ್ ಹಚ್ಚದೆ ಐಆರ್ ಗನ್ನಿನಿಂದ ಟರ್ನಿಂಗ್ ಜಾಬಿನ ತಾಪ ನೋಡುವವರಿಗೆಲ್ಲ ಇದು ಗೊತ್ತಿರಲಿ.

48ರಲ್ಲಿ 24 ಕಳೆದರೆ 24 ಡಿಗ್ರಿ. 50 ಮಿ.ಮೀ. ಮೇಲೆ ಸುಮಾರು 14 ಮೈಕ್ರಾನ್. ಪುಸ್ತಕದಲ್ಲಿ 50.009 ಎಂದು ಬರೆದ ಶಾಫ್ಟು ನಿಜವಾಗಿ 49.995. 16 ಮೈಕ್ರಾನ್ ಟಾಲರೆನ್ಸಿನಲ್ಲಿ 14 ಮೈಕ್ರಾನ್ ಅಳತೆಯಲ್ಲೇ ಮುಳುಗಿಹೋಗಿದೆ. ಇನ್ನೂ ಕೆಟ್ಟದ್ದೆಂದರೆ ಇದು ಸ್ಥಿರವಾದ ತಪ್ಪೂ ಅಲ್ಲ. ಮೈಕ್ರೋಮೀಟರ್ ಕೈಯಲ್ಲಿ, ಶೆಡ್ಡಿನಲ್ಲಿ ಇದ್ದಷ್ಟೂ ಬಿಸಿಯಾಗುತ್ತ ಹೋಗುತ್ತದೆ, ತಪ್ಪು ಕಡಿಮೆಯಾಗುತ್ತ ಬರುತ್ತದೆ. ಊಟಕ್ಕೆ ಹೋಗುವಾಗ ಮತ್ತೆ ಕಪಾಟಿಗೆ. ಅನುಮಾನ ಬಂದು ಜೀರೋ ನೋಡಿದರೆ ಪ್ರತಿ ಸಲವೂ ಸರಿ, ಯಾಕೆಂದರೆ ರಾಡೂ ಅದೇ ತಂಪಿನಲ್ಲಿ ಮಲಗಿದೆ. ಡಿಸೆಂಬರಿನಲ್ಲಿ ಎಸಿ ಬಂದ್, ಕಪಾಟಿಗೂ ಶೆಡ್ಡಿಗೂ ವ್ಯತ್ಯಾಸವಿಲ್ಲ, ಟರ್ನಿಂಗಿನಲ್ಲಿ ಸುರಿಯುವ ಕೂಲಂಟೂ ತಣ್ಣಗೆ, ಜಾಬೂ ಇಷ್ಟು ಕಾಯುವುದಿಲ್ಲ.

ಮಾಲಕರಿಗೆ ಹೇಳಿದಾಗ ಅವರು ನಕ್ಕರು: "ಎಸಿ ಹಾಕಿಸ್ಬೇಕಂತ ನಾ ಓಡಾಡ್ಲಾಕತ್ತೀನಿ, ನೀವು ಇರೋ ಎಸಿನೇ ಕಳ್ಳ ಅಂತೀರಿ."

ಕಟ್ಟಿದ್ದು

ಜಾಬನ್ನೂ ಅಳತೆಗೋಲನ್ನೂ ಒಂದೇ ತಾಪಕ್ಕೆ ತರಬೇಕು, ಆ ತಾಪ ಎಷ್ಟಾದರೂ ಆಗಿರಲಿ. ಅದಕ್ಕೆ ಸುಲಭ ದಾರಿ ಮಾಸ್ಟರ್ ಇಟ್ಟುಕೊಂಡು ಹೋಲಿಸಿ ಅಳೆಯುವ ಕಂಪ್ಯಾರೇಟರ್. ಮಾಸ್ಟರನ್ನು ಜಾಬಿನದೇ ಉಕ್ಕಿನಲ್ಲಿ ಮಾಡಿ, ಜಾಬಿನ ಜೊತೆಗೇ ಒಂದೇ ಟ್ರೇನಲ್ಲಿ ನೆನೆಹಾಕಿದರೆ ಮುಗಿಯಿತು.

ಬುಡಕ್ಕೆ, ಗುಜರಿಗೆ ಹೋಗಲಿದ್ದ ಹಳೇ ಡ್ರಿಲ್ಲಿಂಗ್ ಮಷಿನ್ನಿನ ಬೀಡಿನ (ಎರಕದ ಕಬ್ಬಿಣದ) ಟೇಬಲ್ ತುಂಡು. ವಿಎಂಸಿಯಲ್ಲಿ ಮೇಲ್ಮೈ ಒಂದು ಸಲ ಸಪಾಟು ಮಾಡಿದೆವು. (ಶಹಾಬಾದ್ ಕಲ್ಲು ಹಾಕಬಾರದೇ ಎಂದು ಕೇಳಿದವರಿದ್ದಾರೆ. ನೆಲಕ್ಕೆ ಅದನ್ನು ಮೀರಿದ್ದಿಲ್ಲ, ಆದರೆ ಅದು ಪದರಪದರದ ಸುಣ್ಣದ ಕಲ್ಲು, ಸರ್ಫೇಸ್ ಪ್ಲೇಟಿನ ಗ್ರಾನೈಟ್ ಅಲ್ಲ.) ಕಂಬಕ್ಕೆ ಹಳೇ ಹೈಡ್ರಾಲಿಕ್ ಸಿಲಿಂಡರಿನ ಕ್ರೋಮ್ ರಾಡು. ಕಂಬ ಹಿಡಿಯುವ ತೋಳು 25 ಮಿ.ಮೀ. ಪ್ಲೇಟಿನಿಂದ ಕೊರೆದದ್ದು, ಸೀಳಿ ಬೋಲ್ಟ್ ಹಾಕಿ ಬಿಗಿಯುವಂತೆ. ತೆಳು ತೋಳು ಮಾಡಬೇಡಿ. ಅಳತೆ ತೋರುವ ಡಯಲಿನ ಸ್ಪ್ರಿಂಗ್ ಒತ್ತಡಕ್ಕೇ ತೋಳು ಒಂದೆರಡು ಮೈಕ್ರಾನ್ ಬಾಗುತ್ತದೆ, ಮುಟ್ಟಿದರೆ ಇನ್ನೂ ಹೆಚ್ಚು.

ಜಾಬ್ ಕೂರುವ ಜಾಗದ ಬಗ್ಗೆ ವಾದವೇ ನಡೆಯಿತು. ಕಾಕಾ ವಿ-ಬ್ಲಾಕ್ ಇಡೋಣ ಎಂದರು, ಶಾಫ್ಟು ಉರುಳುವುದಿಲ್ಲ, ಕೈಗೆ ಸಲೀಸು. ಆದರೆ 90 ಡಿಗ್ರಿ ವಿ-ಬ್ಲಾಕಿನ ಮೇಲೆ ಡಯಲ್ ಇಟ್ಟರೆ ವ್ಯಾಸದ ವ್ಯತ್ಯಾಸ ಇದ್ದಷ್ಟೇ ತೋರುವುದಿಲ್ಲ. ದಪ್ಪ ಶಾಫ್ಟು ವಿ ಒಳಗೆ ಮೇಲಕ್ಕೇರಿಯೂ ಕೂರುತ್ತದೆ, ಹಾಗಾಗಿ 10 ಮೈಕ್ರಾನ್ ಹೆಚ್ಚಿದ್ದರೆ ಡಯಲ್ 12 ತೋರಿಸುತ್ತದೆ. ಲೆಕ್ಕ ಹಾಕಿ 1.207ರಿಂದ ಭಾಗಿಸಬೇಕು. ಶಿಫ್ಟಿನ ಗದ್ದಲದಲ್ಲಿ ಯಾರು ಭಾಗಿಸುತ್ತಾರೆ? ಅದಕ್ಕೇ ಕೆಳಗೆ ಸಪಾಟು ಆಸರೆ, ಹಿಂದೆ ಒಂದು ತಡೆ, ಮೇಲೆ ಡಯಲ್. ಇದ್ದಷ್ಟು ಇದ್ದಂತೆ ತೋರುತ್ತದೆ. ಆಸರೆಗೆ 12 ಮಿ.ಮೀ. ಚೌಕದ ಹಳೇ ಎಚ್‌ಎಸ್‌ಎಸ್ ಟೂಲ್ ಬಿಟ್ ಸಾಕು, ಗಟ್ಟಿಯಾಗಿಯೂ ಇರುತ್ತದೆ, ಗ್ರೈಂಡ್ ಆಗಿಯೇ ಬಂದಿರುತ್ತದೆ. ಸಪಾಟು ಆಸರೆಗೆ ಒಂದು ಕುರುಡು ಇದೆ: ಮೂರು ಕಡೆ ಉಬ್ಬಿದ ದುಂಡನ್ನು ಅದು ಹಿಡಿಯಲಾರದು. ಎಲ್ಲಿ ಅಳೆದರೂ ಒಂದೇ ವ್ಯಾಸ ಬರುತ್ತದೆ, ಆದರೆ ಶಾಫ್ಟು ದುಂಡಗಿಲ್ಲ. ಮೂರು ಜಾ ಚಕ್ಕಿನಲ್ಲಿ ತೆಳು ಕೊಳವೆ ಹಿಡಿದಾಗ ಹೀಗಾಗುತ್ತದೆ. ಗಟ್ಟಿ ಶಾಫ್ಟಿನಲ್ಲಿ ಅಷ್ಟು ಭಯವಿಲ್ಲ. ಆದರೂ ಲಾಟಿಗೊಂದು ಶಾಫ್ಟನ್ನು ವಿ-ಬ್ಲಾಕಿನ ಮೇಲಿಟ್ಟು ತಿರುಗಿಸಿ ನೋಡುತ್ತೇವೆ. ಕಾಕಾರ ವಿ-ಬ್ಲಾಕೂ ವ್ಯರ್ಥವಾಗಲಿಲ್ಲ.

ಡಯಲ್ 0.001ರದ್ದು. ಇದಕ್ಕೆ ಮಾತ್ರ ಹೊಸದಾಗಿ ದುಡ್ಡು ಹಾಕಿದ್ದು, 0.01ರ ಡಯಲಿನಲ್ಲಿ ಈ ಕೆಲಸ ಆಗುವುದಿಲ್ಲ. ಮಾಸ್ಟರ್ ಅದೇ ಇಎನ್8 ಸರಳಿನ ತುಂಡು, ಟೂಲ್ ರೂಮಿನಲ್ಲಿ ಗ್ರೈಂಡ್ ಮಾಡಿಸಿ, ಸ್ಲಿಪ್ ಗೇಜಿನ (ಖಚಿತ ಅಳತೆಯ ತುಂಡಿನ) ಜೊತೆ ಹೋಲಿಸಿ ಅಳೆಸಿ ತಂದದ್ದು. 50.009 ಬಂತು. ನಟ್ಟನಡುವಿನ 50.010ಕ್ಕೆ ಒಂದು ಮೈಕ್ರಾನ್ ಕಡಿಮೆ, ತಕರಾರಿಲ್ಲ. ಡಯಲನ್ನು ಮಾಸ್ಟರ್ ಮೇಲೆ ಮೈನಸ್ 1ಕ್ಕೆ ಸೆಟ್ ಮಾಡಿದರೆ ಸೊನ್ನೆ ಎಂದರೆ 50.010. ಡಯಲಿನ ಗಾಜಿನ ಮೇಲೆ ಪ್ಲಸ್ 8, ಮೈನಸ್ 8ಕ್ಕೆ ಕೆಂಪು ಗೆರೆ, ಪ್ಲಸ್ 5, ಮೈನಸ್ 5ಕ್ಕೆ ಹಳದಿ. ಆಪರೇಟರಿಗೆ ಅಂಕಿ ಓದುವ ಕೆಲಸವೂ ಇಲ್ಲ.

ಟ್ರೇ ವಿಷಯ ಚಿಕ್ಕದಾಗಿ ಕಂಡರೂ ಅದೇ ಮುಖ್ಯ. 50 ಮಿ.ಮೀ. ಉಕ್ಕಿನ ಶಾಫ್ಟು ನಿಂತ ಗಾಳಿಯಲ್ಲಿ ತಣಿಯುವುದು ಬಹಳ ನಿಧಾನ. ಲೆಕ್ಕ ಹಾಕಿದರೆ ವ್ಯತ್ಯಾಸದ ಮೂರನೇ ಎರಡು ಭಾಗ ಇಳಿಯಲು ಒಂದು ಗಂಟೆ ಮೀರುತ್ತದೆ. ಅಷ್ಟು ಕಾಯುವುದರೊಳಗೆ ಲೇಥಿನಿಂದ ಇನ್ನಷ್ಟು ತಪ್ಪು ಜಾಬು ಹೊರಬಿದ್ದಿರುತ್ತವೆ. ಹರಿಯುವ ದ್ರವದಲ್ಲಿ ಅದೇ ಕೆಲಸ ಕೆಲವೇ ನಿಮಿಷ. ತಗಡಿನ ಟ್ರೇ, ಕೂಲರಿನ ಹಳೇ ಪಂಪು, ಒಳಗೆ ಕೂಲಂಟ್. ಜಾಬ್ ಬಂದ ಕೂಡಲೇ ಟ್ರೇಗೆ, ಮಾಸ್ಟರ್ ಸದಾ ಟ್ರೇನಲ್ಲೇ. ಮುಂದಿನ ಜಾಬ್ ತಯಾರಾಗುವ ಹೊತ್ತಿಗೆ ಹಿಂದಿನದು ಮಾಸ್ಟರಿನ ತಾಪಕ್ಕೆ ಬಂದಿರುತ್ತದೆ. ಎರಡನ್ನೂ ಒರೆಸಿ, ಮೊದಲು ಮಾಸ್ಟರ್, ಹಿಂದೆಯೇ ಜಾಬ್. ಕೈಯಲ್ಲಿ ಹಿಡಿದು ನಿಲ್ಲಬಾರದು, ಅಂಗೈ ಶಾಖಕ್ಕೂ ಮೈಕ್ರಾನ್ ಓಡುತ್ತದೆ.

ಟ್ರೇಗೆ ಬೋರ್ ನೀರು ಹಾಕಿದಾಗ ಕೂಲಂಟ್ ಒಡೆದು ಮೇಲೆ ಕೆನೆಯಂಥ ಜಿಡ್ಡು ಕಟ್ಟಿತು. ನಮ್ಮ ಕಡೆಯ ಬೋರ್ ನೀರು ಗಡಸು, ಅದರ ಸುಣ್ಣ ಎಮಲ್ಷನ್ನನ್ನು ಕೆಡಿಸುತ್ತದೆ. ಕುಡಿಯುವ ಆರ್‌ಒ ಕ್ಯಾನಿನ ನೀರಿಗೆ ಬದಲಾಯಿಸಿದ ಮೇಲೆ ನಿಂತಿತು. ಮಾಸ್ಟರಿಗೆ ರಾತ್ರಿ ಎಣ್ಣೆ ಸವರಿ ಬಟ್ಟೆ ಸುತ್ತಿಡದಿದ್ದರೆ ಬೆಳಿಗ್ಗೆ ತುಕ್ಕಿನ ಚುಕ್ಕೆ ಗ್ಯಾರಂಟಿ.

ಅಳತೆ ಸರಿಯಾದ ಮೇಲೆ ಕಂಡದ್ದು

ಮುಂಚೆ ಅಳತೆಯ ಗದ್ದಲದಲ್ಲಿ ಲೇಥಿನ ಸ್ವಭಾವವೇ ಕಾಣುತ್ತಿರಲಿಲ್ಲ. ಈಗ ಬರೆದ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸುತ್ತ ಹೋದರೆ, ಬೆಳಿಗ್ಗೆಯಿಂದ ಊಟದವರೆಗೆ ಚುಕ್ಕೆಗಳು ಮೆಲ್ಲಗೆ ಕೆಳಗಿಳಿಯುತ್ತವೆ, ಊಟದ ನಂತರದ ಮೊದಲ ಜಾಬ್ ಟಕ್ಕನೆ ಮೇಲೆ. ಟೂಲನ್ನು ಜಾಬಿನತ್ತ ಸರಿಸುವ ಎಕ್ಸ್ ಅಕ್ಷದ ಬಾಲ್ ಸ್ಕ್ರೂ ಕೆಲಸದಲ್ಲಿ ಕಾದು ಉದ್ದವಾಗುತ್ತದೆ, ಟೂಲ್ ಹಿಡಿದ ಟರೆಟ್ಟನ್ನು ಜಾಬ್ ತಿರುಗಿಸುವ ಸ್ಪಿಂಡಲ್ ಕಡೆ ತಳ್ಳುತ್ತದೆ. ಎನ್‌ಕೋಡರ್ ಇರುವುದು ಮೋಟರಿನ ಹಿಂದೆ. ಸ್ಕ್ರೂ ಎಷ್ಟು ಸುತ್ತು ತಿರುಗಿತು ಎಂಬುದು ಅದಕ್ಕೆ ಗೊತ್ತು, ಸ್ಕ್ರೂ ಉದ್ದವಾದದ್ದು ಗೊತ್ತಿಲ್ಲ. 300 ಮಿ.ಮೀ. ಸ್ಕ್ರೂ 5 ಡಿಗ್ರಿ ಏರಿದರೆ 17 ಮೈಕ್ರಾನ್, ಲೇಥಿನಲ್ಲಿ ವ್ಯಾಸದ ಲೆಕ್ಕಕ್ಕೆ ಅದು ದುಪ್ಪಟ್ಟು. ಹೆಡ್‌ಸ್ಟಾಕ್ ಬೇರೆ ತನ್ನ ಪಾಡಿಗೆ ಉಬ್ಬುತ್ತಿರುತ್ತದೆ, ಒಂದಿಷ್ಟು ಇದನ್ನು ಕಳೆಯುತ್ತದೆ, ಒಂದಿಷ್ಟು ಕೂಡಿಸುತ್ತದೆ. ನಿಮ್ಮ ಮಷಿನ್ನು ಯಾವ ಕಡೆ ಓಡುತ್ತದೆ ಎಂಬುದನ್ನು ಚುಕ್ಕೆ ಇಟ್ಟೇ ನೋಡಬೇಕು. ಈಗ ಬೆಳಿಗ್ಗೆ ಟೂಲ್ ಮುಟ್ಟದ ವಾರ್ಮ್‌ಅಪ್ ಪ್ರೋಗ್ರಾಂ ಓಡುತ್ತದೆ, ಊಟದ ಹೊತ್ತಿನಲ್ಲೂ ಅದೇ. ಕರೆಂಟ್ ಹೋಗಿ ಬಂದರೆ ಮತ್ತೆ ಅದೇ.

ಇನ್ನೊಂದು ಕಂಡದ್ದು ಆಫ್‌ಸೆಟ್ ಆಟ, ಅಂದರೆ ಮಷಿನ್ನಿನಲ್ಲಿ ಸೈಜಿನ ತಿದ್ದುಪಡಿ ಹಾಕುವ ಆಟ. ಜಾಬ್ 3 ಮೈಕ್ರಾನ್ ಕಡಿಮೆ ಬಂತೆಂದರೆ 3 ಕೂಡಿಸುವುದು, ಮುಂದಿನದು 2 ಹೆಚ್ಚು ಬಂತೆಂದರೆ 2 ಕಳೆಯುವುದು. ಶ್ರದ್ಧೆಯ ಕೆಲಸವೇ, ಆದರೆ ಮಷಿನ್ನಿನ ಸಹಜ ಕುಣಿತದ ಬೆನ್ನು ಹತ್ತಿದರೆ ಕುಣಿತ ಹೆಚ್ಚುತ್ತದೆ. ಗುಣಮಟ್ಟದ ಗುರು ಡೆಮಿಂಗ್ ತಮ್ಮ ಲಾಳಿಕೆ ಪ್ರಯೋಗದಲ್ಲಿ ತೋರಿಸುತ್ತಿದ್ದದ್ದು ಇದನ್ನೇ. ಪ್ರತಿ ಸಲ ತಪ್ಪಿದಷ್ಟೇ ಹಿಂದಕ್ಕೆ ಸರಿಸಿದರೆ ಸಿಗ್ಮಾ, ಅಂದರೆ ಅಳತೆಗಳ ಚದುರುವಿಕೆ, 1.4 ಪಟ್ಟಾಗುತ್ತದೆ. ನಮ್ಮ 16 ಮೈಕ್ರಾನಿನಲ್ಲಿ ಸಿಪಿ (ಟಾಲರೆನ್ಸನ್ನು ಆರು ಸಿಗ್ಮಾದಿಂದ ಭಾಗಿಸಿದ್ದು) 1.33 ಬೇಕೆಂದರೆ ಸಿಗ್ಮಾ 2 ಮೈಕ್ರಾನ್ ಮೀರುವಂತಿಲ್ಲ. 1.4 ಪಟ್ಟು ಮಾಡಿಕೊಳ್ಳುವ ಐಷಾರಾಮ ನಮಗಿಲ್ಲ. ಹಾಗಾಗಿ ನಿಯಮ ಇಷ್ಟೇ: ಹಳದಿ ಗೆರೆಯೊಳಗೆ ಇದ್ದರೆ ಆಫ್‌ಸೆಟ್ ಮುಟ್ಟಬೇಡ. ಒಂದೇ ಕಡೆಯ ಹಳದಿಯಾಚೆ ಸತತ ಎರಡು ಬಂದರೆ ಸರಿಸು. ಕೆಂಪು ದಾಟಿದರೆ ಮಷಿನ್ ನಿಲ್ಲಿಸು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಶುಹಾರ್ಟ್ 1924ರಲ್ಲಿ ಹಾಕಿಕೊಟ್ಟ ಕಂಟ್ರೋಲ್ ಚಾರ್ಟನ್ನೂ ಇಟ್ಟಿದ್ದೇವೆ, ಐದೈದರ ಗುಂಪಿನ ಸರಾಸರಿ ಮತ್ತು ರೇಂಜ್ ಬರೆದು. ಅದು ಕೋಣೆಯಲ್ಲಿ ನನಗೆ. ಮಷಿನ್ ಹತ್ತಿರ ಬಣ್ಣದ ಗೆರೆಯೇ ಸಾಕು.

ಹೀಗೆ "ಮುಟ್ಟಬೇಡ" ಅನ್ನುವುದು ಕಾಕಾಗೆ ಮೊದಲು ಹಿಡಿಸಲಿಲ್ಲ. "ಸೈಜ್ ಹೊಂಟದ ಅಂತ ಕಣ್ಣಿಗಿ ಕಾಣ್ತದ, ಕೈ ಕಟ್ಕೊಂಡು ಕೂಡು ಅಂತೀರಿ?" ಎಂದರು. ಚಾರ್ಟಿನ ಎರಡು ಹಾಳೆ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಏನೂ ಅನ್ನಲಿಲ್ಲ. ಮರುದಿನ ಎರಡನೇ ಪಾಳಿಯ ಹುಡುಗ ಆಫ್‌ಸೆಟ್ ಪೇಜ್ ತೆಗೆದಾಗ ಗದರಿಸಿದವರು ಅವರೇ.

ಪ್ರೋಗ್ರಾಮಿನಲ್ಲೂ ಒಂದು ಹುಳುಕು ಸಿಕ್ಕಿತು. ಪಿಡಿಎ ಎಂಜಿನಿಯರಿಂಗ್ ಕಾಲೇಜಿನಿಂದ ಇಂಟರ್ನ್‌ಶಿಪ್ಪಿಗೆ ಬಂದ ಹುಡುಗ ಶಾಫ್ಟಿನ ತ್ರೀಡಿ ಮಾಡೆಲ್ ಮಾಡಿ ಕ್ಯಾಮ್ ಸಾಫ್ಟ್‌ವೇರಿನಿಂದ ಟೂಲ್‌ಪಾತ್ (ಟೂಲ್ ಓಡುವ ದಾರಿ) ತೆಗೆಯುವುದನ್ನು ಶುರು ಮಾಡಿದ್ದ. ನೇರ ಶಾಫ್ಟಿಗೆ ಕ್ಯಾಮ್ ಯಾಕೆ, ಜಿ71, ಜಿ70 ಕೋಡು ಕೈಯಲ್ಲೇ ಬರೆಯಬಹುದಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಆದರೆ ಕೀವೇ ವಿಎಂಸಿಯಲ್ಲಿ ಆಗುತ್ತದೆ, ರಿಲೀಫ್ ಗ್ರೂವ್ ಇದೆ, ಹತ್ತಾರು ಸೈಜಿನ ಶಾಫ್ಟು ಬರುತ್ತವೆ. ಒಂದೇ ಮಾಡೆಲ್ ತಿದ್ದಿದರೆ ಎರಡೂ ಮಷಿನ್ನಿನ ಪ್ರೋಗ್ರಾಂ ಬದಲಾಗುವುದು ಲಾಭವೇ. ತೊಂದರೆ ಏನೆಂದರೆ ಮಾಡೆಲ್ಲಿನಲ್ಲಿ ಸೀಟು 50.000. ಟೂಲ್ ದಾರಿಯನ್ನು ಮಷಿನ್ನಿನ ಕೋಡಿಗೆ ತಿರುಗಿಸುವ ಪೋಸ್ಟ್ ಪ್ರೊಸೆಸರ್ ಅದನ್ನೇ ಎಕ್ಸ್ 50.0 ಎಂದು ಬರೆಯುತ್ತದೆ. ಕೆ6 ಶುರುವಾಗುವುದೇ 50.002ರಿಂದ, ಅಂದರೆ ಪ್ರೋಗ್ರಾಂ ಹೇಳಿದಂತೆ ಕರಾರುವಾಕ್ಕಾಗಿ ಮಾಡಿದ ಜಾಬೂ ರಿಜೆಕ್ಟ್. ಇಷ್ಟು ದಿನ ಆಪರೇಟರುಗಳು ಅದನ್ನು ಆಫ್‌ಸೆಟ್ಟಿನಲ್ಲಿ ಸರಿದೂಗಿಸುತ್ತಿದ್ದರು. ಈಗ ಟಾಲರೆನ್ಸ್ ಇರುವ ಪ್ರತಿ ವ್ಯಾಸವನ್ನೂ ಮಾಡೆಲ್ಲಿನಲ್ಲೇ ನಟ್ಟನಡುವಿನ ಅಳತೆಗೆ ಬರೆಯುತ್ತೇವೆ, ಸೀಟಿಗೆ 50.010.

ಅದೇ ಹೊತ್ತಿಗೆ ಫಿನಿಶಿಂಗ್ ಟಿಪ್ಪಿನ ಮೂತಿಯ ರೇಡಿಯಸ್ 0.4ರಿಂದ 0.8ಕ್ಕೆ, ಫೀಡ್ 0.2ರಿಂದ 0.1ಕ್ಕೆ ಬಂತು. ಟಿಪ್ಪು ಸೀಟಿನ ಮೇಲೆ ಬಿಡುವ ಗೆರೆಯ ಆಳ ಫೀಡಿನ ವರ್ಗವನ್ನು ಎಂಟು ಪಟ್ಟು ರೇಡಿಯಸ್ಸಿನಿಂದ ಭಾಗಿಸಿದಷ್ಟು. ಮೊದಲು 12.5 ಮೈಕ್ರಾನ್, ಈಗ 1.6. ಒರಟು ಸೀಟಿನ ಮೇಲೆ ಬೇರಿಂಗ್ ಒತ್ತಿದಾಗ ಗೆರೆಗಳ ತುದಿ ಜಜ್ಜಿಹೋಗಿ, ಅಳತೆಯಲ್ಲಿ ಕಂಡ ಬಿಗಿ ಅಷ್ಟೂ ಉಳಿಯುವುದಿಲ್ಲ. ಮೂಲೆಯ ರೇಡಿಯಸ್ ಮಾತ್ರ ನೋಡಿಕೊಳ್ಳಬೇಕು. 6210ಕ್ಕೆ ಶಾಫ್ಟಿನ ಮೂಲೆ 1 ಮಿ.ಮೀ. ಮೀರಿದರೆ ಬೇರಿಂಗ್ ಭುಜಕ್ಕೆ ತಾಗಿ ಕೂರುವುದಿಲ್ಲ. 0.8 ಒಳಗೇ ಇದೆ.

ವಾಪಸ್ ಬಂದ ಶಾಫ್ಟುಗಳಿಗೆ ಮೆಟಲ್ ಸ್ಪ್ರೇ ಮಾಡಿಸಿ, ಮತ್ತೆ ಟರ್ನ್ ಮಾಡಿ, ಕಂಪ್ಯಾರೇಟರಿನಲ್ಲಿ ನೋಡಿ ಕಳಿಸಿದ್ದಾಯಿತು. ಪಂಚ್ ಹೊಡೆದದ್ದಕ್ಕೆ ಸ್ಪ್ರೇಗೆ ಮುಂಚೆ ಹೆಚ್ಚು ತೆಗೆಯಬೇಕಾಯಿತು. ಬೇರಿಂಗನ್ನು ಸುತ್ತಿಗೆಯಿಂದ ಬಡಿಯದೆ ಎಣ್ಣೆಯಲ್ಲಿ 80-90 ಡಿಗ್ರಿಗೆ ಕಾಯಿಸಿ ಕೂರಿಸಿ ಎಂದು ಮಿಲ್ಲಿನವರಿಗೆ ಚೀಟಿ ಬರೆದು ಜೊತೆಗೆ ಕಟ್ಟಿದ್ದೇವೆ. ಓದುತ್ತಾರೋ ಇಲ್ಲವೋ.

ಈ ಪದ್ಧತಿ ಉಕ್ಕಿಗೆ ಸರಿ. ಫಾಸ್ಫರ್ ಬ್ರಾಂಜ್ ಬುಶ್ ಬಂದರೆ ಕಣ್ಣು ಮುಚ್ಚಿ ಇದನ್ನೇ ಮಾಡುವಂತಿಲ್ಲ. ಅದು ಮೀಟರಿಗೆ, ಡಿಗ್ರಿಗೆ ಸುಮಾರು 18 ಮೈಕ್ರಾನ್ ಉಬ್ಬುತ್ತದೆ. 40 ಡಿಗ್ರಿಯಲ್ಲಿ ಉಕ್ಕಿನ ಮಾಸ್ಟರಿನ ಜೊತೆ ಹೋಲಿಸಿದರೆ 50 ಮಿ.ಮೀ.ಗೆ 6-7 ಮೈಕ್ರಾನ್ ದಪ್ಪ ತೋರುತ್ತದೆ. ಅದಕ್ಕೆ ಬ್ರಾಂಜಿನದೇ ಮಾಸ್ಟರ್ ಬೇಕು, ಇಲ್ಲವೇ ಗೋಡೆಗೆ ತಾಪದ ಕೋಷ್ಟಕ ಅಂಟಿಸಬೇಕು. ಸದ್ಯ ಕೋಷ್ಟಕ ಅಂಟಿಸಿದ್ದೇವೆ.

ಈಗ ಟೇಬಲ್ ಮೇಲಿರುವುದು ಹೌಸಿಂಗ್. ತೂತು 90 ಮಿ.ಮೀ., ಎಚ್7, ಬೀಡು, 35 ಮೈಕ್ರಾನ್ ಜಾಗ. ಬೋರ್ ಗೇಜನ್ನು ಈಗಲೂ ಮೈಕ್ರೋಮೀಟರಿಗೇ ಸೆಟ್ ಮಾಡುತ್ತಿದ್ದೇವೆ. ಸದ್ಯಕ್ಕೆ ಆ ಮೈಕ್ರೋಮೀಟರನ್ನು ಕಪಾಟಿನಿಂದ ತೆಗೆದು ಟ್ರೇ ಪಕ್ಕದ ಹಲಗೆಯ ಮೇಲೆ ಇಟ್ಟಾಗಿದೆ. ಬೀಡಿನ ರಿಂಗ್ ಮಾಸ್ಟರಿಗೆ ಎರಕದ ತುಂಡು ಸಿಕ್ಕಿದೆ, ಗ್ರೈಂಡಿಂಗಿಗೆ ಕಳಿಸಬೇಕು. ಹೌಸಿಂಗ್ ಹಿಡಿಸುವಷ್ಟು ದೊಡ್ಡ ಟ್ರೇ ಮಾತ್ರ ಹೊಸದಾಗಿ ಬೆಸುಗೆ ಹಾಕಿಸಬೇಕು, ಕೂಲರಿನ ಪಂಪು ಅದಕ್ಕೆ ಸಾಲದು.